ಗಡ್ಡೆಯ ಮೊದಲ ಗಂಟೆಗಳು: ಜೀಬ್ರಾ ಮೀನು ತೋರಿಸುವ ಮೆದುಳು

ಮೆದುಳಿನಲ್ಲಿ ಗಡ್ಡೆಯಿದೆ ಎಂದು ಎಂಆರ್‌ಐ ವರದಿ ಬಂದಾಗ ದಾವಣಗೆರೆಯ ಆಸ್ಪತ್ರೆಗಳಲ್ಲಿ ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಇದು ಯಾವಾಗ ಶುರುವಾಯಿತು, ಡಾಕ್ಟರೇ?" ಆಮೇಲೆ ಅದಕ್ಕೆ ತಾವೇ ಉತ್ತರ ಹುಡುಕಿಕೊಳ್ಳುತ್ತಾರೆ. ಹೋದ ವರ್ಷ ಬೈಕಿನಿಂದ ಬಿದ್ದದ್ದು, ಪರೀಕ್ಷೆಯ ಹೊತ್ತಿಗೆ ನಿದ್ದೆಗೆಟ್ಟದ್ದು, ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದು. ಯಾರದೋ ತಪ್ಪು ಇರಲೇಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ. ವೈದ್ಯರಿಗೂ ಶುರುವಾದ ದಿನವನ್ನು ಹೇಳಲು ಬರುವುದಿಲ್ಲ. ಸ್ಕ್ಯಾನಿನಲ್ಲಿ ಕಾಣುವಷ್ಟು ದೊಡ್ಡದಾಗುವ ಹೊತ್ತಿಗೆ ಗಡ್ಡೆಯ ಒಂದೊಂದು ಘನ ಸೆಂಟಿಮೀಟರಿನಲ್ಲೂ ಹತ್ತು ಕೋಟಿಯಷ್ಟೋ ಅದಕ್ಕೂ ಹೆಚ್ಚೋ ಜೀವಕೋಶಗಳಿರುತ್ತವೆ. ಆರಂಭದಲ್ಲಿ ದಾರಿ ತಪ್ಪಿದ್ದು ಒಂದು ಕೋಶ. ಅದು ದಾರಿ ತಪ್ಪಿದ ದಿನ ಸುತ್ತಲಿನ ಮೆದುಳು ಏನು ಮಾಡಿತು, ತಡೆಯಿತೇ, ಸುಮ್ಮನಿತ್ತೇ, ಸಹಾಯವನ್ನೇ ಮಾಡಿತೇ ಎಂಬುದನ್ನು ಯಾವ ರೋಗಿಯಲ್ಲೂ ಯಾರೂ ಕಂಡಿಲ್ಲ.

ನಾನು ಈ ಊರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೀನಿನಿಂದ ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂಬಂಥ ಸುದ್ದಿಗಳನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿ ತಂದು ತೋರಿಸುತ್ತಾರೆ. ಅವರ ಉತ್ಸಾಹ ನನಗೆ ಇಷ್ಟ. ಆದರೆ ಆ ಶೀರ್ಷಿಕೆಗಳು ವಿಷಯದ ನಿಜವಾದ ಸೊಗಸನ್ನು ಮುಚ್ಚಿಬಿಡುತ್ತವೆ. ಜೀಬ್ರಾ ಮೀನು ಮೆದುಳಿನ ಗಡ್ಡೆಯ ಸಂಶೋಧನೆಗೆ ಕೊಟ್ಟ ದೊಡ್ಡ ಕೊಡುಗೆ ನೋಟ. ಆಸ್ಪತ್ರೆಯ ಯಾವ ಯಂತ್ರಕ್ಕೂ ಸಿಗದ ಆ ಮೊದಲ ಗಂಟೆಗಳನ್ನು ಬದುಕಿರುವ ಮೆದುಳಿನಲ್ಲೇ ಕಣ್ಣಾರೆ ನೋಡಲು ಅದು ಅವಕಾಶ ಮಾಡಿಕೊಟ್ಟಿದೆ. ಔಷಧದ ಮಾತು ಅದರ ನಂತರ ಬರುತ್ತದೆ.

ಜೀಬ್ರಾ ಮೀನು ಮೂರು ನಾಲ್ಕು ಸೆಂಟಿಮೀಟರಿನಷ್ಟೇ ಬೆಳೆಯುವ, ಮೈಮೇಲೆ ನೀಲಿ ಪಟ್ಟೆಗಳಿರುವ ಸಿಹಿನೀರಿನ ಮೀನು. ಅಕ್ವೇರಿಯಂ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅಮೆರಿಕ, ಯುರೋಪಿನ ಪ್ರಯೋಗಾಲಯಗಳ ಹೆಸರಿನೊಂದಿಗೇ ಸುದ್ದಿಯಾಗುವುದರಿಂದ ಇದು ಹೊರಗಿನ ಮೀನು ಎಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ಇದು ನಮ್ಮ ಉಪಖಂಡದ್ದೇ. ಗಂಗಾ ಮತ್ತು ಬ್ರಹ್ಮಪುತ್ರಾ ಬಯಲಿನ ಭತ್ತದ ಗದ್ದೆಗಳಲ್ಲಿ, ಹಳ್ಳಗಳಲ್ಲಿ, ಕೊಳಗಳಲ್ಲಿ ಬದುಕುವ ಮೀನು. ಇದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಇದರ ವರ್ಣನೆಯಿದೆ. ನಮ್ಮ ಜಿಲ್ಲೆಗಳ ಚರಿತ್ರೆ ಓದಿದವರಿಗೆ ಬುಕಾನನ್ ಹೆಸರು ಹೊಸದಲ್ಲ. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಯ ಬೇಸಾಯ, ಕಸುಬು, ವ್ಯಾಪಾರಗಳನ್ನು ದಾಖಲಿಸಲು ಈಸ್ಟ್ ಇಂಡಿಯಾ ಕಂಪನಿ ಕಳುಹಿಸಿದ್ದು ಇವರನ್ನೇ. 1801ರಲ್ಲಿ ಅವರು ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳ ಮೂಲಕ ಹಾದುಹೋದರು. ದಾವಣಗೆರೆಯ ಕಂಬಳಿ ವ್ಯಾಪಾರದ ಬಗ್ಗೆ ಬರೆದಿಟ್ಟರು. ನಮ್ಮೂರ ಕಂಬಳಿಗಳನ್ನು ನೋಡಿದ ಕಣ್ಣೇ ಈ ಮೀನನ್ನೂ ಗುರುತಿಸಿತು ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಸುಮಾರು ಒಂದೂವರೆ ಶತಮಾನ ಈ ಮೀನಿನ ಬಗ್ಗೆ ಹೆಚ್ಚು ಜನ ತಲೆಕೆಡಿಸಿಕೊಳ್ಳಲಿಲ್ಲ. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ತಳಿವಿಜ್ಞಾನದ ಅಧ್ಯಯನಕ್ಕೆ ಇದನ್ನು ಹೇಗೆ ಬಳಸಬಹುದು ಎಂದು ತೋರಿಸಿಕೊಟ್ಟ ಮೇಲೆ ದಾರಿ ತೆರೆಯಿತು. ಹಣ್ಣಿನ ನೊಣದ ಮೇಲಿನ ಕೆಲಸಕ್ಕೆ 1995ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಅವರ ಜರ್ಮನಿಯ ತಂಡ ಮತ್ತು ಬಾಸ್ಟನ್ನಿನ ಇನ್ನೊಂದು ತಂಡ ಸಾವಿರಾರು ಮೀನುಗಳ ಜೀನ್‌ಗಳನ್ನು ಕೆಡಿಸಿ, ಯಾವ ಜೀನ್ ಕೆಟ್ಟರೆ ಯಾವ ಅಂಗ ಕೆಡುತ್ತದೆ ಎಂದು ಪಟ್ಟಿ ಮಾಡಿ 1996ರಲ್ಲಿ ಪ್ರಕಟಿಸಿದವು. 2013ರಲ್ಲಿ ಇದರ ಸಂಪೂರ್ಣ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಪಾಠ, ಹೊರಬಂತು. ಮನುಷ್ಯನ ಜೀನ್‌ಗಳಲ್ಲಿ ಶೇಕಡಾ 70ರಷ್ಟಕ್ಕೆ ಈ ಮೀನಿನಲ್ಲಿ ಕನಿಷ್ಠ ಒಂದು ಸಮಾನ ಜೀನ್ ಇದೆ. ಕಾಯಿಲೆಗಳಿಗೆ ಸಂಬಂಧಿಸಿದ ಜೀನ್‌ಗಳನ್ನಷ್ಟೇ ತೆಗೆದುಕೊಂಡರೆ ಈ ಪ್ರಮಾಣ ಶೇಕಡಾ 80ನ್ನು ದಾಟುತ್ತದೆ. ಭಾರತದಲ್ಲೂ ಈ ಮೀನಿನ ಮೇಲೆ ಗಟ್ಟಿಯಾದ ಕೆಲಸ ನಡೆದಿದೆ. ದೆಹಲಿಯ ಐಜಿಐಬಿ ಸಂಸ್ಥೆಯವರು ನಮ್ಮ ನೆಲದ ಕಾಡುತಳಿಯ ಜೀಬ್ರಾ ಮೀನಿನ ಜೀನೋಮನ್ನು ಓದಿದರು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಇದರ ಮರಿಗಳ ಕಿರುಮೆದುಳಿನ ಅಧ್ಯಯನ ನಡೆಯುತ್ತಿದೆ.

ಆದರೆ ಜೀನ್ ಹೋಲಿಕೆ ಇಲಿಯಲ್ಲಿ ಇನ್ನೂ ಹೆಚ್ಚಿದೆ. ಹಾಗಿದ್ದರೂ ಮೀನೇ ಏಕೆ?

ಅದು ಪಾರದರ್ಶಕವಾಗಿದೆ ಎಂಬುದೇ ಕಾರಣ. ಹೆಣ್ಣು ಮೀನು ಬೆಳಕು ಮೂಡಿದ ಹೊತ್ತಿನಲ್ಲಿ ನೂರಾರು ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಗರ್ಭ ಕಟ್ಟುವುದು, ಬೆಳೆಯುವುದು ಎಲ್ಲವೂ ತಾಯಿಯ ದೇಹದ ಹೊರಗೆ. ಮೊಟ್ಟೆ ಒಂದು ಮಿಲಿಮೀಟರಿಗಿಂತ ಚಿಕ್ಕದು. ಮುಕ್ಕಾಲು ಗಂಟೆಯಲ್ಲಿ ಮೊದಲ ಕೋಶ ಎರಡಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಹೃದಯ ಮಿಡಿಯತೊಡಗುತ್ತದೆ. ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಆ ಮಿಡಿತ ಕಾಣುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಐದನೆಯ ದಿನ ಅದು ನಾಲ್ಕು ಮಿಲಿಮೀಟರ್ ಉದ್ದದ, ಈಜುವ, ಬೇಟೆಯಾಡುವ ಜೀವಿ. ಅದರ ಮೆದುಳಿನಲ್ಲಿ ಸುಮಾರು ಒಂದು ಲಕ್ಷ ನರಕೋಶಗಳಿವೆ. ನಮ್ಮ ಮೆದುಳಿನಲ್ಲಿ ಇರುವುದು ಸುಮಾರು 8,600 ಕೋಟಿ. ಆ ಪುಟ್ಟ ಮೆದುಳು ಎಷ್ಟು ತೆಳ್ಳಗಿದೆಯೆಂದರೆ ಬೆಳಕು ಅದರೊಳಗೆ ಆಚೆಯಿಂದ ಈಚೆಗೆ ಹಾಯುತ್ತದೆ. ಚರ್ಮದಲ್ಲಿ ಕಪ್ಪು ಬಣ್ಣ ಮೂಡದಂತೆ ತಡೆಯುವ ರಾಸಾಯನಿಕವನ್ನು ನೀರಿಗೆ ಬೆರೆಸಿದರೆ, ಅಥವಾ ಬಣ್ಣವೇ ಇಲ್ಲದ ತಳಿಯನ್ನು ಬಳಸಿದರೆ, ತಲೆಬುರುಡೆಯನ್ನು ತೆರೆಯದೆ ಒಳಗಿನ ಒಂದೊಂದು ಕೋಶವನ್ನೂ ನೋಡಬಹುದು. ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ಇಬ್ಬರು ವಿಜ್ಞಾನಿಗಳು 2013ರಲ್ಲಿ ಇಂಥ ಮರಿಯ ಮೆದುಳಿನ ಶೇಕಡಾ 80ರಷ್ಟು ನರಕೋಶಗಳ ಚಟುವಟಿಕೆಯನ್ನು ಒಟ್ಟಿಗೆ ಚಿತ್ರೀಕರಿಸಿದರು. ಇಲಿಯ ಮೆದುಳಿನಲ್ಲಿ ಇದು ಸಾಧ್ಯವಿಲ್ಲ. ಅದರ ತಲೆಬುರುಡೆಗೆ ಕಿಟಕಿ ಕೊರೆದರೂ ಮೇಲಿನ ಪದರಗಳಷ್ಟೇ ಕಾಣುತ್ತವೆ.

ಹೊರನೋಟಕ್ಕೆ ಎಷ್ಟೇ ಭಿನ್ನವಾಗಿದ್ದರೂ ಮೀನಿನ ಮೆದುಳು ನಮ್ಮ ಮೆದುಳಿನ ನೆಂಟನೇ. ಮುಂಭಾಗ, ನಡುಭಾಗ, ಹಿಂಭಾಗ, ಕಿರುಮೆದುಳು ಎಂಬ ವಿಂಗಡಣೆ ಅಲ್ಲೂ ಇದೆ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಿವೆ. ಸತ್ತ ಕೋಶಗಳನ್ನು ನುಂಗಿ ಶುಚಿ ಮಾಡುವ ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳಿವೆ. ರಕ್ತದಲ್ಲಿರುವ ಸಿಕ್ಕಸಿಕ್ಕ ವಸ್ತುಗಳು ಮೆದುಳಿಗೆ ನುಗ್ಗದಂತೆ ರಕ್ತನಾಳದ ಗೋಡೆಯಲ್ಲಿರುವ ತಡೆ ಮೂರನೆಯ ದಿನಕ್ಕೇ ಕೆಲಸ ಶುರುಮಾಡಿ, ಮುಂದಿನ ದಿನಗಳಲ್ಲಿ ಬಿಗಿಯಾಗುತ್ತದೆ. ಮೆದುಳಿನ ಗಡ್ಡೆಯ ಕಥೆಯಲ್ಲಿ ಬರುವ ಮುಖ್ಯ ಪಾತ್ರಗಳೆಲ್ಲ ಅಲ್ಲಿವೆ.

ಗಡ್ಡೆಯ ಬಗ್ಗೆ ಈಗ ಒಂದೆರಡು ಮಾತು. ಮೆದುಳಿನ ಗಡ್ಡೆಗಳೆಲ್ಲ ಒಂದೇ ಅಲ್ಲ. ಮೆದುಳಿನ ಹೊರಪೊರೆಯಲ್ಲಿ ಹುಟ್ಟುವ ಎಷ್ಟೋ ಗಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದಲೇ ಪೂರ್ತಿ ತೆಗೆಯಬಹುದು. ದೊಡ್ಡವರಲ್ಲಿ ಅತಿ ಉಗ್ರವಾದದ್ದು ಗ್ಲಿಯಾ ಜಾತಿಯ ಕೋಶಗಳಿಂದ ಬೆಳೆಯುವ ಗ್ಲಿಯೋಬ್ಲಾಸ್ಟೋಮಾ. ಇದಕ್ಕೆ ಅಂಚು ಎಂಬುದೇ ಇಲ್ಲ. ಹೊಲದಲ್ಲಿ ಗರಿಕೆಯನ್ನು ಕಿತ್ತವರಿಗೆ ಗೊತ್ತು: ಮೇಲೆ ಕಂಡದ್ದನ್ನೆಲ್ಲ ಕಿತ್ತರೂ ಮಣ್ಣಿನೊಳಗೆ ಹರಿದ ಒಂದು ಗೆಣ್ಣು ಸಾಕು, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಗ್ಲಿಯೋಬ್ಲಾಸ್ಟೋಮಾದ ಕೋಶಗಳು ಹಾಗೆ ರಕ್ತನಾಳಗಳ ಗುಂಟ, ನರತಂತುಗಳ ಗುಂಟ ದೂರಕ್ಕೆ ಹರಿದಿರುತ್ತವೆ. ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ, ಈ ಕ್ರಮ 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಬಂತು. ಆ ಅಧ್ಯಯನದಲ್ಲಿ ವಿಕಿರಣ ಮಾತ್ರ ಪಡೆದ ರೋಗಿಗಳ ಮಧ್ಯಮ ಆಯುಷ್ಯ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 12.1 ತಿಂಗಳು, ಮಾತ್ರೆ ಸೇರಿಸಿದಾಗ 14.6 ತಿಂಗಳು. ಇಪ್ಪತ್ತು ವರ್ಷಗಳ ನಂತರವೂ ಮೂಲ ಚಿಕಿತ್ಸೆ ಇದೇ ಆಗಿ ಉಳಿದಿದೆ. ನಿಮ್ಹಾನ್ಸ್‌ಗೋ ಕಿದ್ವಾಯಿಗೋ ರಾತ್ರಿ ರೈಲು ಹತ್ತುವ ನಮ್ಮ ಜಿಲ್ಲೆಯ ಕುಟುಂಬಗಳಿಗೂ, ಬಾಸ್ಟನ್ನಿನ ರೋಗಿಗೂ ಸಿಗುವುದು ಹೆಚ್ಚುಕಡಿಮೆ ಒಂದೇ ಕ್ರಮ. ಆದ್ದರಿಂದಲೇ ಈ ರೋಗ ಆರಂಭದಲ್ಲಿ ಏನು ಮಾಡುತ್ತದೆ ಎಂದು ನೋಡುವ ಹಸಿವು ಸಂಶೋಧಕರಿಗೆ ಇಷ್ಟು ತೀವ್ರವಾಗಿದೆ.

ಮೀನಿನ ಮೆದುಳಿನಲ್ಲಿ ಗಡ್ಡೆಯನ್ನು ತರುವುದಕ್ಕೆ ಎರಡು ದಾರಿಗಳಿವೆ. ಒಂದು, ಮೀನಿನದೇ ಕೋಶವನ್ನು ದಾರಿ ತಪ್ಪಿಸುವುದು. ಇನ್ನೊಂದು, ಮನುಷ್ಯನ ಗಡ್ಡೆಯ ಕೋಶಗಳನ್ನು ಮೀನಿನ ಮೆದುಳಿನಲ್ಲಿ ನೆಡುವುದು. ಎರಡರ ಪ್ರಶ್ನೆಗಳೂ ಬೇರೆ, ಉತ್ತರಗಳೂ ಬೇರೆ. ಸುದ್ದಿಗಳಲ್ಲಿ ಇವೆರಡನ್ನೂ ಕಲಸಿಬಿಡುವುದು ನನಗೆ ಬೇಸರ ತರಿಸುತ್ತದೆ.

ಮೊದಲ ದಾರಿಯಲ್ಲಿ ಕೆಲಸ ನಡೆಯುವುದು ಮೊಟ್ಟೆ ಇನ್ನೂ ಒಂದೇ ಕೋಶವಾಗಿರುವ ಆ ಮುಕ್ಕಾಲು ಗಂಟೆಯಲ್ಲಿ. ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಡಿಎನ್‌ಎಯ ತುಣುಕೊಂದನ್ನು ಒಳಗೆ ಸೇರಿಸುತ್ತಾರೆ. ಆ ತುಣುಕಿನಲ್ಲಿ ಮೂರು ಭಾಗಗಳಿರುತ್ತವೆ. ಕೋಶವನ್ನು ಹದ್ದುಮೀರಿ ಬೆಳೆಸುವ ಕ್ಯಾನ್ಸರ್ ಜೀನ್. ಆ ಜೀನ್ ಮೆದುಳಿನ ಕೋಶಗಳಲ್ಲಿ ಮಾತ್ರ ಎಚ್ಚರಗೊಳ್ಳುವಂತೆ ಮಾಡುವ ನಿಯಂತ್ರಕ ಭಾಗ. ಮತ್ತು ಆ ಕೋಶ ಹಸಿರಾಗಿಯೋ ಕೆಂಪಾಗಿಯೋ ಹೊಳೆಯುವಂತೆ ಮಾಡುವ ಪ್ರೋಟೀನಿನ ಜೀನ್. ಅಂಬಲಿ ಮೀನಿನಿಂದ (ಜೆಲ್ಲಿಫಿಶ್) ದೊರೆತ ಆ ಹಸಿರು ಪ್ರೋಟೀನಿನ ಕೆಲಸಕ್ಕೆ 2008ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಈಗ ದಾರಿ ತಪ್ಪಿದ ಕೋಶ ಯಾವುದು ಎಂದು ಹುಡುಕಬೇಕಿಲ್ಲ. ಅದು ತಾನಾಗಿ ಬೆಳಗುತ್ತದೆ. ಕೆಆರ್‌ಎಎಸ್ ಎಂಬ ಜೀನನ್ನು ಹೀಗೆ ಚುರುಕುಗೊಳಿಸಿದಾಗ ಮೀನುಗಳಲ್ಲಿ ಗ್ಲಿಯಾ ಜಾತಿಯ ಗಡ್ಡೆಗಳೇ ಬೆಳೆದವು.

ಇದೇ ದಾರಿಯ ಇನ್ನೊಂದು ಕವಲೆಂದರೆ ರಕ್ಷಣೆ ಕೊಡುವ ಜೀನ್‌ಗಳನ್ನು ತೆಗೆದುಹಾಕುವುದು. ಪಿ53 ಎಂಬುದು ಕೋಶದ ಡಿಎನ್‌ಎ ಕೆಟ್ಟಾಗ ವಿಭಜನೆಯನ್ನು ನಿಲ್ಲಿಸುವ ಜೀನ್. ಅದು ಕೆಟ್ಟಿರುವ ಮೀನಿನ ತಳಿ 2005ರಲ್ಲಿ ಸಿದ್ಧವಾಯಿತು. ಅದರ ಜೊತೆಗೆ ಎನ್‌ಎಫ್1 ಜೀನನ್ನೂ ಕೆಡಿಸಿದಾಗ ಮೀನುಗಳಿಗೆ ನರಗಳ ಗಡ್ಡೆಗಳೂ ಉಗ್ರ ಸ್ವರೂಪದ ಮೆದುಳಿನ ಗಡ್ಡೆಗಳೂ ಬಂದವು ಎಂದು 2012ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಎನ್‌ಎಫ್1 ಕೆಟ್ಟು ಹುಟ್ಟಿದ ಮಕ್ಕಳಿಗೆ ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆಗಳು, ನರಗಳ ಗಂಟುಗಳು, ಕೆಲವರಿಗೆ ಕಣ್ಣಿನ ನರದ ಗಡ್ಡೆ ಬರುತ್ತವೆ. ಒಂದೇ ಜೀನ್ ಮೀನಿನಲ್ಲೂ ಮಗುವಿನಲ್ಲೂ ಒಂದೇ ಬಗೆಯ ಜಾಗದಲ್ಲಿ ತೊಂದರೆ ಕೊಡುತ್ತದೆ ಎಂಬುದು ಈ ಮಾದರಿಯ ಮೇಲೆ ನಂಬಿಕೆ ಹುಟ್ಟಿಸುವ ಸಂಗತಿ.

ಹೀಗೆ ನೋಡುತ್ತಾ ಹೋದಾಗ ಸಿಕ್ಕ ಒಂದು ಸಂಗತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಮುಖ್ಯ ಭಾಗ ಅದು.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗ್ಲಿಯೋಬ್ಲಾಸ್ಟೋಮಾವನ್ನು ಪ್ಯಾಥಾಲಜಿಯವರು ನೋಡಿದಾಗ ಅದರಲ್ಲಿ ಕ್ಯಾನ್ಸರ್ ಕೋಶಗಳಷ್ಟೇ ಇರುವುದಿಲ್ಲ. ಮೂರನೆಯ ಒಂದು ಭಾಗದವರೆಗೂ ಮೈಕ್ರೋಗ್ಲಿಯಾ ಮತ್ತು ರಕ್ತದಿಂದ ಬಂದ ಅವುಗಳ ಸೋದರ ಕೋಶಗಳೇ ತುಂಬಿರುತ್ತವೆ. ರಕ್ಷಣೆಗೆ ಇರಬೇಕಾದ ಕೋಶಗಳು ಗಡ್ಡೆಯೊಳಗೆ ಇಷ್ಟೊಂದು ಸಂಖ್ಯೆಯಲ್ಲಿ ಏನು ಮಾಡುತ್ತಿವೆ? ಹೋರಾಡಿ ಸೋತವೇ? ಗಡ್ಡೆ ಬೆಳೆದ ಮೇಲೆ ಅವುಗಳನ್ನು ಬಲವಂತವಾಗಿ ಒಲಿಸಿಕೊಂಡಿತೇ? ಬಯಾಪ್ಸಿಯ ತುಂಡು ಒಂದು ಕ್ಷಣದ ಚಿತ್ರ. ಯಾರು ಮೊದಲು ಬಂದರು, ಯಾರು ಯಾರನ್ನು ಕರೆದರು ಎಂದು ಅದು ಹೇಳಲಾರದು.

ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಡಿರ್ಕ್ ಸೀಗರ್ ಅವರ ತಂಡ ಇದನ್ನು ಜೀಬ್ರಾ ಮೀನಿನ ಮರಿಗಳಲ್ಲಿ ನೋಡಿತು. ಎಕೆಟಿ1 ಎಂಬ ಕ್ಯಾನ್ಸರ್ ಜೀನನ್ನು ಮರಿಯ ಮೆದುಳಿನ ಕೋಶಗಳಲ್ಲಿ ಚುರುಕುಗೊಳಿಸಿ, ಗಡ್ಡೆ ಎನ್ನಬಹುದಾದದ್ದು ಇನ್ನೂ ರೂಪುಗೊಳ್ಳುವ ಮೊದಲೇ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳ ಓಡಾಟವನ್ನು ಚಿತ್ರೀಕರಿಸಿದರು. ದಾರಿ ತಪ್ಪತೊಡಗಿದ ಕೋಶಗಳ ಕಡೆಗೆ ಮೈಕ್ರೋಗ್ಲಿಯಾ ಆಗಲೇ ಬಂದು ಸೇರುತ್ತಿದ್ದವು. ಬಂದು ನುಂಗಲಿಲ್ಲ. ತಮ್ಮ ಚಾಚುಗಳಿಂದ ಆ ಕೋಶಗಳನ್ನು ತಬ್ಬಿ, ಅಂಟಿಕೊಂಡು ನಿಂತವು. ಹೀಗೆ ಸಂಪರ್ಕದಲ್ಲಿದ್ದ ಕೋಶಗಳು ಹೆಚ್ಚು ವಿಭಜನೆಗೊಂಡವು. ಮೈಕ್ರೋಗ್ಲಿಯಾ ಇಲ್ಲದ ಮರಿಗಳಲ್ಲಿ ಇದೇ ಕ್ಯಾನ್ಸರ್ ಜೀನ್ ಇದ್ದರೂ ಕೋಶಗಳ ಬೆಳವಣಿಗೆ ತಗ್ಗಿತು. ಅಂದರೆ ಸಹಾಯ ನಡೆದದ್ದು ಕೊನೆಯಲ್ಲಿ ಅಲ್ಲ, ಆರಂಭದಲ್ಲೇ.

2018 ಮತ್ತು 2019ರಲ್ಲಿ ಪ್ರಕಟವಾದ ಅವರ ಕೆಲಸ ಕರೆಯುವ ಬಗೆಯನ್ನೂ ಬಿಡಿಸಿತು. ಆರೋಗ್ಯವಂತ ಮೆದುಳಿನಲ್ಲಿ ನರಕೋಶ ಅತಿಯಾಗಿ ಉದ್ರೇಕಗೊಂಡಾಗ ಎಟಿಪಿ ಎಂಬ ಅಣುವನ್ನು ಹೊರಬಿಡುತ್ತದೆ. ಮೈಕ್ರೋಗ್ಲಿಯಾದ ಮೇಲಿರುವ ಪಿ2ಆರ್‌ವೈ12 ಎಂಬ ಗ್ರಾಹಕ, ಅಂದರೆ ಸಂಕೇತವನ್ನು ಹಿಡಿಯುವ ಪ್ರೋಟೀನು, ಅದನ್ನು ಗುರುತಿಸುತ್ತದೆ. ಮೈಕ್ರೋಗ್ಲಿಯಾ ಚಾಚನ್ನು ಕಳುಹಿಸಿ ಆ ನರಕೋಶವನ್ನು ಸಂತೈಸುತ್ತದೆ. ದಾರಿ ತಪ್ಪಿದ ಕೋಶಗಳೂ ಇದೇ ಎಟಿಪಿಯನ್ನು ಹೊರಬಿಟ್ಟು, ಇದೇ ಗ್ರಾಹಕದ ಮೂಲಕ ಮೈಕ್ರೋಗ್ಲಿಯಾವನ್ನು ಬರಮಾಡಿಕೊಳ್ಳುತ್ತಿದ್ದವು. ಆ ಗ್ರಾಹಕದ ಕೆಲಸವನ್ನು ತಡೆದಾಗ ತಬ್ಬುಗೆ ಕಡಿಮೆಯಾಯಿತು, ವಿಭಜನೆಯೂ ಕಡಿಮೆಯಾಯಿತು. ಮೆದುಳು ತನ್ನ ಕೋಶಗಳನ್ನು ನೋಡಿಕೊಳ್ಳಲು ಇಟ್ಟುಕೊಂಡಿದ್ದ ಏರ್ಪಾಡನ್ನೇ ಗಡ್ಡೆ ಬಳಸಿಕೊಳ್ಳುತ್ತದೆ. ಕೋಟಿಗಟ್ಟಲೆ ಕೋಶಗಳಾದ ಮೇಲೆ ಸ್ಕ್ಯಾನ್ ಮಾಡುವ ನಮಗೆ ಇದು ಎಂದೂ ತಿಳಿಯುತ್ತಿರಲಿಲ್ಲ. ಬೈಕಿನಿಂದ ಬಿದ್ದದ್ದನ್ನೋ ದಿಂಬಿನ ಪಕ್ಕದ ಮೊಬೈಲನ್ನೋ ದೂರುತ್ತಾ ತಮ್ಮನ್ನು ತಾವೇ ಹಳಿದುಕೊಳ್ಳುವ ತಂದೆತಾಯಂದಿರಿಗೆ ಈ ಚಿತ್ರವನ್ನು ತೋರಿಸಬೇಕು ಎಂದು ನನಗೆ ಅನ್ನಿಸುವುದುಂಟು.

ಎರಡನೆಯ ದಾರಿ ಕಸಿಯದು. ಮನುಷ್ಯನ ಕ್ಯಾನ್ಸರ್ ಕೋಶಗಳನ್ನು ಜೀಬ್ರಾ ಮೀನಿನ ಭ್ರೂಣಕ್ಕೆ ಮೊದಲು ಸೇರಿಸಿದ ವರದಿ 2005ರದು. ಅವು ಚರ್ಮದ ಕ್ಯಾನ್ಸರಿನ ಕೋಶಗಳು. ಈಗ ಗ್ಲಿಯೋಬ್ಲಾಸ್ಟೋಮಾದ ಕೋಶಗಳನ್ನು ಎರಡು ಮೂರು ದಿನದ ಮರಿಯ ಮೆದುಳಿಗೇ ಸೇರಿಸುತ್ತಾರೆ. ಮರಿಗೆ ಅರಿವಳಿಕೆ ಕೊಟ್ಟು, ಬೆಚ್ಚಗಿನ ಅಗರೋಸ್ ಜೆಲ್ಲಿಯಲ್ಲಿ ಅಲುಗಾಡದಂತೆ ಕೂರಿಸಿ, ಹತ್ತಾರರಿಂದ ಕೆಲವು ನೂರರಷ್ಟು ಹೊಳೆಯುವ ಕೋಶಗಳನ್ನು ಸೂಜಿಯಿಂದ ಬಿಡುತ್ತಾರೆ. ಪರಕೀಯ ಕೋಶವನ್ನು ಗುರುತಿಸಿ ತಿರಸ್ಕರಿಸುವ ರೋಗನಿರೋಧಕ ಶಕ್ತಿ ಮೀನಿನಲ್ಲಿ ಬಲಿಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಮನುಷ್ಯನ ಕೋಶ ಅಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ, ರಕ್ತನಾಳಗಳ ಗುಂಟ ಹರಿದಾಡುತ್ತದೆ. ಆ ಹರಿದಾಟವನ್ನು ಗಂಟೆಗಂಟೆಗೂ ಅಳೆಯಬಹುದು.

ಔಷಧ ಪರೀಕ್ಷೆಗೆ ಈ ದಾರಿ ಅನುಕೂಲ. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಗುಳಿಗೊಂದು ಮರಿಯನ್ನು ಬಿಟ್ಟು, ನೀರಿಗೇ ಔಷಧ ಬೆರೆಸುತ್ತಾರೆ. ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ಕೋಶಗಳ ಮೇಲೆ ಔಷಧ ಸುರಿದರೆ ಅದು ಕೋಶವನ್ನು ಕೊಲ್ಲುತ್ತದೆಯೇ ಎಂಬುದಷ್ಟೇ ಗೊತ್ತಾಗುತ್ತದೆ. ಮರಿಯಲ್ಲಿ ಒಂದೇ ಸಲಕ್ಕೆ ಇನ್ನೂ ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ: ಔಷಧ ರಕ್ತನಾಳದ ತಡೆಯನ್ನು ದಾಟಿ ಮೆದುಳಿಗೆ ತಲುಪಿತೇ, ಯಕೃತ್ತು ಅದನ್ನು ಒಡೆದುಹಾಕಿತೇ, ಹೃದಯದ ಬಡಿತ ಕೆಟ್ಟಿತೇ, ಮರಿ ಈಜುವುದನ್ನು ನಿಲ್ಲಿಸಿತೇ. ಮೆದುಳಿನ ಗಡ್ಡೆಗೆಂದು ಆರಂಭವಾದ ಎಷ್ಟೋ ಔಷಧಗಳು ಸೋತದ್ದು ಆ ತಡೆಯನ್ನು ದಾಟಲಾಗದೆ. ಆದ್ದರಿಂದ ಈ ಪರೀಕ್ಷೆಗೆ ಬೆಲೆಯಿದೆ.

ಮಕ್ಕಳ ಗಡ್ಡೆಗಳ ವಿಷಯದಲ್ಲಿ ಯೂಟಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ತೋರಿಸಿದ್ದು ಒಳ್ಳೆಯ ಉದಾಹರಣೆ. ಪಿ53 ಇಲ್ಲದ ಮೀನುಗಳಲ್ಲಿ ಎನ್‌ಆರ್‌ಎಎಸ್ ಎಂಬ ಕ್ಯಾನ್ಸರ್ ಜೀನನ್ನು ಚುರುಕುಗೊಳಿಸಿದಾಗ ಚಿಕ್ಕ ಮಕ್ಕಳಲ್ಲಿ ಬರುವ ಒಂದು ಬಗೆಯ ಗಡ್ಡೆಯನ್ನು ಹೋಲುವ ಗಡ್ಡೆಗಳು ಬೆಳೆದವು. ಆ ಗಡ್ಡೆಯ ಕೋಶಗಳನ್ನು ಬೇರೆ ಮರಿಗಳ ಮೆದುಳಿಗೆ ನೆಟ್ಟು, ಎಂಇಕೆ ಎಂಬ ಕಿಣ್ವವನ್ನು ತಡೆಯುವ ಔಷಧ ಕೊಟ್ಟಾಗ ಗಡ್ಡೆ ಹಿಂದೆ ಸರಿಯಿತು. ಈ ವರ್ಗದ ಔಷಧಗಳು ಮೀನಿನಿಂದ ಹುಟ್ಟಿದವಲ್ಲ, ಮೊದಲೇ ಇದ್ದವು. ಯಾವ ಬಗೆಯ ಗಡ್ಡೆಗೆ ಅವು ಒಗ್ಗಬಹುದು ಎಂಬ ಸುಳಿವನ್ನು ಮೀನು ಕೊಟ್ಟಿತು. ಮೀನಿನಿಂದ ಮದ್ದು ಎಂಬ ಶೀರ್ಷಿಕೆಯ ಹಿಂದೆ ಬಹುಪಾಲು ಇರುವುದು ಇಂಥ ಸುಳಿವು.

ಸುಳಿವನ್ನು ಸುಳಿವಾಗಿಯೇ ಇಟ್ಟುಕೊಳ್ಳಬೇಕಾದ ಕಾರಣಗಳು ಗಟ್ಟಿಯಾಗಿವೆ. ಜೀಬ್ರಾ ಮೀನು ಬದುಕುವುದು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ, ಮನುಷ್ಯನ ಕೋಶ ಬಯಸುವುದು 37 ಡಿಗ್ರಿ. ಪ್ರಯೋಗಾಲಯಗಳು 33 ಅಥವಾ 34 ಡಿಗ್ರಿಗೆ ರಾಜಿಯಾಗುತ್ತವೆ; ಆ ರಾಜಿಯಲ್ಲಿ ಕ್ಯಾನ್ಸರ್ ಕೋಶದ ವೇಗ ಬದಲಾಗುತ್ತದೆ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೇವಿಡ್ ಲ್ಯಾಂಗೆನೌ ಅವರ ತಂಡ 2019ರಲ್ಲಿ ರೋಗನಿರೋಧಕ ಶಕ್ತಿಯಿಲ್ಲದ, 37 ಡಿಗ್ರಿಯಲ್ಲೂ ಬದುಕಬಲ್ಲ ಪಾರದರ್ಶಕ ವಯಸ್ಕ ಮೀನುಗಳಲ್ಲಿ ಮನುಷ್ಯನ ಗಡ್ಡೆಗಳನ್ನು ಬೆಳೆಸಿ ತೋರಿಸಿತು. ತಾಪಮಾನದ ತೊಡಕು ಹೀಗೆ ಸಡಿಲವಾದರೂ ಬೇರೆಯವು ಉಳಿಯುತ್ತವೆ. ಸಸ್ತನಿಗಳಲ್ಲಿರುವ ಪದರಪದರವಾದ ಮೆದುಳ ತೊಗಟೆ ಮೀನಿಗಿಲ್ಲ. ಗ್ಲಿಯೋಬ್ಲಾಸ್ಟೋಮಾ ಹರಿಯುವ ದಪ್ಪ ನರತಂತುಗಳ ಕಟ್ಟುಗಳೂ ಮರಿಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೋಟ್ಯಂತರ ವರ್ಷಗಳ ಹಿಂದೆ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾದ್ದರಿಂದ ಕೆಲವು ಜೀನ್‌ಗಳಿಗೆ ಎರಡೆರಡು ಪ್ರತಿಗಳಿವೆ. ಒಂದನ್ನು ಕೆಡಿಸಿದರೆ ಇನ್ನೊಂದು ಅದರ ಕೆಲಸ ಮಾಡಿಬಿಡುತ್ತದೆ. ಸ್ತನ ಕ್ಯಾನ್ಸರಿಗೆ ಹೆಸರಾದ ಬಿಆರ್‌ಸಿಎ1 ಜೀನಂತೂ ಈ ಮೀನಿನಲ್ಲಿ ಇಲ್ಲವೇ ಇಲ್ಲ. ನೀರಿಗೆ ಬೆರೆಸಿದ ಔಷಧದಲ್ಲಿ ಎಷ್ಟು ಅಂಶ ಮರಿಯ ದೇಹ ಸೇರಿತು ಎಂದು ಅಳೆದು, ಅದನ್ನು 60 ಕಿಲೋ ತೂಕದ ಮನುಷ್ಯನ ಪ್ರಮಾಣಕ್ಕೆ ಹೊಂದಿಸುವುದೂ ಸುಲಭವಲ್ಲ. ಹತ್ತು ದಿನ ನೋಡುವ ಮರಿಯಲ್ಲಿ ಗೆದ್ದ ಔಷಧ ತಿಂಗಳುಗಟ್ಟಲೆ ಬೆಳೆಯುವ ಗಡ್ಡೆಯ ಮುಂದೆ ಸೋಲಬಹುದು. ಆದ್ದರಿಂದಲೇ ಮೀನಿನ ನಂತರ ಇಲಿ, ಇಲಿಯ ನಂತರ ಮನುಷ್ಯರ ಮೇಲಿನ ಹಂತಹಂತದ ಪರೀಕ್ಷೆಗಳು ಬೇಕೇಬೇಕು. ಮೀನಿನಲ್ಲಿ ಫಲಿಸಿತು ಎಂಬ ಸುದ್ದಿಯನ್ನು ಹಿಡಿದು ಯಾವ ರೋಗಿಯೂ ತನ್ನ ಚಿಕಿತ್ಸೆಯನ್ನು ನಿಲ್ಲಿಸಬಾರದು, ಬದಲಿಸಲೂಬಾರದು.

ಈ ಪಾಠ ಮಾಡುವಾಗ ಹರಿಹರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಮೀನಿಗೆ ನೋವಾಗುವುದಿಲ್ಲವೇ?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಮೆದುಳಿನ ಅಂಗಾಂಶಕ್ಕೆ ಸ್ವತಃ ನೋವು ತಿಳಿಯುವ ನರತುದಿಗಳಿಲ್ಲ. ಮನುಷ್ಯರಲ್ಲೂ ಗಡ್ಡೆಯ ತಲೆನೋವು ಬರುವುದು ಒತ್ತಡ ಹೆಚ್ಚಿ ಮೆದುಳಿನ ಹೊದಿಕೆ ಮತ್ತು ರಕ್ತನಾಳಗಳು ಎಳೆದಾಡಲ್ಪಟ್ಟಾಗ. ಆದರೆ ಮೀನಿನ ಮೈಯಲ್ಲಿ ನೋವನ್ನು ಗ್ರಹಿಸುವ ನರಗಳಿವೆ. ಹಾಗಾಗಿ ಅರಿವಳಿಕೆ ಕಡ್ಡಾಯ. ಯುರೋಪಿನ ನಿಯಮದಲ್ಲಿ ಮರಿ ಸ್ವತಂತ್ರವಾಗಿ ಆಹಾರ ತಿನ್ನಲು ಶುರುಮಾಡಿದ ಮೇಲೆ, ಅಂದರೆ ಸುಮಾರು ಐದು ದಿನಗಳ ನಂತರ, ಅದಕ್ಕೆ ಪ್ರಯೋಗಪ್ರಾಣಿಯ ಪೂರ್ಣ ರಕ್ಷಣೆ ಸಿಗುತ್ತದೆ. ನಮ್ಮಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ಅಡಿಯಲ್ಲಿ ರಚನೆಯಾದ ಸಮಿತಿ ಇದನ್ನು ನೋಡಿಕೊಳ್ಳುತ್ತದೆ; ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದೇ ಪ್ರಯೋಗ ನಡೆಸಬೇಕು. ಇಷ್ಟು ಹೇಳಿದ ಮೇಲೂ ಆ ಹುಡುಗಿಯ ಮುಖದಲ್ಲಿ ಅಸಮಾಧಾನ ಉಳಿದಿತ್ತು. ಉಳಿಯಲಿ ಎಂದೇ ನಾನು ಬಯಸಿದೆ. ಅಂಥ ಅಸಮಾಧಾನ ಇರುವವರು ಸಂಶೋಧನೆಗೆ ಹೋದರೆ ಹತ್ತು ಮೀನು ಸಾಕಾಗುವ ಕಡೆ ನೂರನ್ನು ಬಳಸುವುದಿಲ್ಲ.

ಕೊನೆಗೆ, ರೋಗಿಗಳ ಮನೆಯವರು ಹೆಚ್ಚು ಕೇಳುವ ವಿಷಯ: ನಮ್ಮವರದೇ ಗಡ್ಡೆಯ ಕೋಶಗಳನ್ನು ಮೀನಿನಲ್ಲಿ ಬೆಳೆಸಿ, ಯಾವ ಔಷಧ ನಾಟುತ್ತದೆ ಎಂದು ಮೊದಲೇ ನೋಡಬಹುದೇ? ತತ್ವದಲ್ಲಿ ಹೌದು. ಇಲಿಯಲ್ಲಿ ಹೀಗೆ ಬೆಳೆಸಲು ತಿಂಗಳುಗಳು ಬೇಕು. ಉಗ್ರ ಗಡ್ಡೆಯ ರೋಗಿಗೆ ಅಷ್ಟು ಕಾಲಾವಕಾಶ ಇರುವುದಿಲ್ಲ. ಮೀನಿನ ಮರಿಯಲ್ಲಿ ಒಂದೆರಡು ವಾರಗಳೊಳಗೆ ಉತ್ತರ ಸಿಗಬಲ್ಲದು, ಬೇಕಾಗುವ ಕೋಶಗಳೂ ಕಡಿಮೆ. ಬಯಾಪ್ಸಿಯ ಸಣ್ಣ ತುಂಡು ಸಾಲುತ್ತದೆ. ಬೇರೆ ಅಂಗಗಳ ಕ್ಯಾನ್ಸರ್‌ಗಳಲ್ಲಿ, ವಿಶೇಷವಾಗಿ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ, ಲಿಸ್ಬನ್ ನಗರದ ಶಂಪಾಲಿಮೊ ಕೇಂದ್ರದವರು ಈ ದಾರಿಯಲ್ಲಿ ಬಹಳ ಮುಂದೆ ಹೋಗಿದ್ದಾರೆ. ಮೆದುಳಿನ ಗಡ್ಡೆಯಲ್ಲಿ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ; ಆಸ್ಪತ್ರೆಯಲ್ಲಿ ಬರೆದುಕೊಡುವ ಪರೀಕ್ಷೆಯಾಗಿಲ್ಲ.

ಅದು ನಮ್ಮ ಭಾಗಕ್ಕೆ ಬರಬೇಕಾದರೆ ಮೀನಿನ ತೊಟ್ಟಿಗಳಿಗಿಂತ ಮೊದಲು ಬೇರೊಂದು ಏರ್ಪಾಡು ಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಂಡನ್ನು ರೂಢಿಯಂತೆ ಫಾರ್ಮಲಿನ್ ದ್ರಾವಣಕ್ಕೆ ಹಾಕುತ್ತಾರೆ. ರೋಗ ಯಾವುದೆಂದು ತಿಳಿಯಲು ಅದು ಸರಿಯಾದ ಕ್ರಮ, ಆದರೆ ಫಾರ್ಮಲಿನ್ ಮುಟ್ಟಿದ ಕೋಶ ಸತ್ತಂತೆಯೇ. ಮೀನಿಗೆ ಬೇಕಾದದ್ದು ಜೀವಂತ ಕೋಶ. ತುಂಡಿನ ಒಂದು ಭಾಗವನ್ನು ಪೋಷಕ ದ್ರವದಲ್ಲಿಟ್ಟು, ತಣ್ಣಗೆ ಕಾಪಾಡಿ, ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯಕ್ಕೆ ತಲುಪಿಸಬೇಕು. ಅದಕ್ಕೆ ರೋಗಿಯ ಲಿಖಿತ ಒಪ್ಪಿಗೆಯೂ ಇರಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹೆದ್ದಾರಿಯಲ್ಲಿ ಐದು ಗಂಟೆಯ ಒಳಗಿನ ದಾರಿ. ಕೋಶಗಳು ಅಷ್ಟು ಹೊತ್ತು ಬದುಕುತ್ತವೆ.